ತಾತನ ಪಂಚೆ ಹಳದಿ ಹೋಟೆಲಿನಲ್ಲಿ ಉಳಿಯಿತು

ಎಲ್ಲರೂ ಕುಳಿತಿರಾ? ನೆಟ್ಟಗೆ ಕುಳಿತುಕೊಳ್ಳಿ. ಬಾಯಿಂದ ಬೆರಳು ತೆಗೆಯಿರಿ. ನಾನು ಹೇಳುತ್ತೇನೆ, ನೀವು ಕೇಳಿ. ಸಾಲು ಬಂದಾಗ ನೀವೂ ಜೊತೆಗೆ ಹೇಳಿ. ಒಂದು ಮಾತನ್ನೂ ನುಂಗಬಾರದು.

ಒಬ್ಬಳು ಹುಡುಗಿ ಇದ್ದಳು. ಅವಳ ಹೆಸರು ಕುಮುದಾ.

ಕುಮುದಾಳ ಹತ್ತಿರ ಒಂದು ಪಂಚೆ ಇತ್ತು. ಬಿಳಿ ಪಂಚೆ. ಹಸಿರು ಅಂಚಿನ ಪಂಚೆ. ತಾತನ ಹಳೆಯ ಪಂಚೆ. ತಾತ ಉಟ್ಟು ಉಟ್ಟು ಅದು ಮೆತ್ತಗಾಗಿತ್ತು. ಈಗ ತಾತ ಇಲ್ಲ. ಪಂಚೆ ಇದೆ.

ಮಲಗುವಾಗ ಕುಮುದಾ ಪಂಚೆಯ ಮೂಲೆ ಹಿಡಿಯುತ್ತಾಳೆ. ಮೂಲೆ ಹಿಡಿದರೆ ನಿದ್ದೆ ಬರುತ್ತದೆ. ಮೂಲೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಅಷ್ಟೆ.

ರಜೆಯಲ್ಲಿ ಕುಮುದಾ ಆಟದ ಪಾರ್ಕಿಗೆ ಬಂದಳು. ಅಪ್ಪ ಬಂದರು. ಅಮ್ಮ ಬಂದರು. ಅಜ್ಜಿ ಬಂದರು. ಪಾರ್ಕಿನಲ್ಲಿ ಜಾರುಬಂಡೆ ಇತ್ತು. ದೋಣಿಯ ಕೊಳ ಇತ್ತು. ಕೊಳದ ಪಕ್ಕದಲ್ಲಿ ದೊಡ್ಡ ರಾಟೆ ಇತ್ತು. ರಾಟೆಗೆ ಬಣ್ಣ ಬಣ್ಣದ ತೊಟ್ಟಿಲುಗಳು.

ಪಾರ್ಕಿನ ಮುಂದೆ ಹಳದಿ ಹೋಟೆಲು. ಪಾರ್ಕಿನ ಹಿಂದೆ ನೀಲಿ ಹೋಟೆಲು.

ಮೊದಲು ಅವರು ಹಳದಿ ಹೋಟೆಲಿನಲ್ಲಿ ಉಳಿದರು. ಆಮೇಲೆ ಅಲ್ಲಿಗೆ ಮದುವೆಯವರು ಬಂದರು. ಮದುವೆಯವರಿಗೆ ಎಲ್ಲ ಕೋಣೆಗಳೂ ಬೇಕು.

"ಸರಿ, ಮಿಕ್ಕ ರಜೆಗೆ ನೀಲಿ ಹೋಟೆಲಿಗೆ ಹೋಗೋಣ," ಎಂದರು ಅಪ್ಪ.

ಅಮ್ಮ ಪೆಟ್ಟಿಗೆ ತುಂಬಿದರು. ಅಜ್ಜಿ ಹಾಸಿಗೆಯ ಬಟ್ಟೆಗಳನ್ನು ಮಡಿಸಿದರು.

"ಅತ್ತೆ, ಅದನ್ನೆಲ್ಲ ಹೋಟೆಲಿನವರು ಮಾಡ್ತಾರೆ," ಎಂದರು ಅಮ್ಮ.

"ಅವರು ಮಾಡಲಿ. ನಾವೂ ಮಾಡೋಣ. ಕೆದರಿದ ಹಾಸಿಗೆ ಬಿಟ್ಟು ಹೋಗುವ ಮನೆತನ ನಮ್ಮದಲ್ಲ," ಎಂದರು ಅಜ್ಜಿ.

ಅಜ್ಜಿ ಮೂಲೆಗೆ ಮೂಲೆ ಸೇರಿಸಿ ಮಡಿಸಿದರು. ಅಂಚು ಒಳಗೆ ಹೋಗುವ ಹಾಗೆ ಮಡಿಸಿದರು. ಬಿಳಿ ಬಟ್ಟೆಯ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಇನ್ನೊಂದು ಬಿಳಿ ಬಟ್ಟೆ. ಅಚ್ಚುಕಟ್ಟಾಗಿ ಬಾಗಿಲ ಬಳಿ ಇಟ್ಟರು. ಎಲ್ಲರೂ ಹೊರಟರು.

ನೀಲಿ ಹೋಟೆಲು ಬಂತು. ಮಧ್ಯಾಹ್ನದ ಊಟವಾಯಿತು. ಮಲಗುವ ಹೊತ್ತಾಯಿತು. ಕುಮುದಾ ಕೈ ಚಾಚಿದಳು. ದಿಂಬು ಸಿಕ್ಕಿತು. ಗೋಡೆ ಸಿಕ್ಕಿತು. ಪಂಚೆ ಸಿಗಲಿಲ್ಲ.

"ನನ್ನ ಪಂಚೆ!" ಎಂದಳು ಕುಮುದಾ.

ಅಮ್ಮ ಪೆಟ್ಟಿಗೆ ನೋಡಿದರು. ಇಲ್ಲ. ಅಪ್ಪ ಚೀಲ ನೋಡಿದರು. ಇಲ್ಲ. ಅಜ್ಜಿ ಏನನ್ನೂ ನೋಡಲಿಲ್ಲ. ಸುಮ್ಮನೆ ನಿಂತರು.

"ಅದು ಬಿಳಿ ಬಟ್ಟೆ," ಎಂದರು ಅಜ್ಜಿ. "ನಾನು ಬಿಳಿ ಬಟ್ಟೆಗಳನ್ನೆಲ್ಲ ಮಡಿಸಿದೆ."

ಅಜ್ಜಿ ಬಾಗಿಲ ಕಡೆ ತಿರುಗಿದರು.

"ಚಪ್ಪಲಿ ಹಾಕಿಕೋ, ಕುಮುದಾ," ಎಂದರು ಅಜ್ಜಿ. "ಹೋಗಿ ತರೋಣ."

ಇಬ್ಬರೂ ಹೊರಟರು. ಕುಮುದಾ ಅಜ್ಜಿಯ ಸೆರಗು ಹಿಡಿದಳು. ಗಂಜಿ ಹಾಕಿದ ಸೀರೆ. ಇಸ್ತ್ರಿ ಮಾಡಿದ ಸೆರಗು. ಭುಜದ ಮೇಲೆ ಪಿನ್ನು.

"ಸೆರಗು ಹಿಡಿಯಬಾರದು. ಇಸ್ತ್ರಿ ಹೋಗುತ್ತದೆ. ಬೆರಳು ಹಿಡಿ," ಎಂದರು ಅಜ್ಜಿ.

ಕುಮುದಾ ಬೆರಳು ಹಿಡಿದಳು.

ಹಳದಿ ಹೋಟೆಲಿನಲ್ಲಿ ಸಾಕಮ್ಮ ಇದ್ದರು. ಸಾಕಮ್ಮ ಕೋಣೆ ಗುಡಿಸುವವರು.

"ನೀನೇ ಕೇಳು," ಎಂದರು ಅಜ್ಜಿ. "ಮೊದಲು ನಮಸ್ಕಾರ ಹೇಳು. ಪೂರ್ತಿ ವಾಕ್ಯ ಹೇಳು. ಗೊಣಗಬೇಡ."

ಕುಮುದಾ ಕೇಳಿದಳು.

"ನಮಸ್ಕಾರ, ಸಾಕಮ್ಮ. ದಯವಿಟ್ಟು ನನ್ನ ಪಂಚೆ ಕೊಡಿ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಅಯ್ಯೋ ಕಂದಾ!" ಎಂದರು ಸಾಕಮ್ಮ. "ಬಾಗಿಲ ಹತ್ರ ಮಡಿಸಿಟ್ಟಿದ್ರಲ್ಲ, ಅಷ್ಟೂ ಎತ್ತಿ ಗಂಟಿಗೆ ಹಾಕ್ಬಿಟ್ಟೆ. ಎಷ್ಟು ಚೆಂದ ಮಡಿಸಿದ್ರು ಅಂತೀಯ! ಬಿಚ್ಚೋಕೇ ಮನಸ್ಸು ಬರ್ಲಿಲ್ಲ. ಗಂಟು ಈಗ ರಾಚಪ್ಪನ ಹತ್ರ ಹೋಯ್ತು. ಹಿತ್ತಲಿಗೆ ಹೋಗಿ."

ಅಜ್ಜಿ ಗಂಟಲು ಸರಿಮಾಡಿಕೊಂಡರು. ಇಬ್ಬರೂ ಹಿತ್ತಲಿಗೆ ಹೋದರು.

ಹಿತ್ತಲಲ್ಲಿ ರಾಚಪ್ಪ ಇದ್ದರು. ರಾಚಪ್ಪ ಬಟ್ಟೆ ಒಗೆಯುವವರು. ಅವರ ಮುಂದೆ ದೊಡ್ಡ ಹಂಡೆ. ಹಂಡೆಯಲ್ಲಿ ಸೋಡಾ ಬೆರೆಸಿದ ನೀರು. ಹಂಡೆಯ ಕೆಳಗೆ ಬೆಂಕಿ. ಪಕ್ಕದಲ್ಲಿ ಗಂಟು. ಆನೆಮರಿಯಷ್ಟು ದೊಡ್ಡ ಗಂಟು.

"ನಮಸ್ಕಾರ, ರಾಚಪ್ಪ ಮಾಮ. ದಯವಿಟ್ಟು ಗಂಟು ಬಿಚ್ಚಿ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಆಗಲ್ಲ ಪುಟ್ಟಿ," ಎಂದರು ರಾಚಪ್ಪ. "ಬಿಚ್ಚಿದ್ರೆ ಒಂದೊಂದೇ ಹುಡುಕಬೇಕು. ಬೆಳಗ್ಗಿಂದ ಒಂದು ಟೀ ಇಲ್ಲ. ಮದುವೆಯವರಿಗೆಲ್ಲ ಟೀ ಹೋಯ್ತು, ಬ್ಯಾಂಡಿನವರಿಗೂ ಹೋಯ್ತು. ಈ ರಾಚಪ್ಪ ಯಾರಿಗೂ ಕಾಣ್ಲಿಲ್ಲ. ಟೀ ಇಲ್ಲದೆ ನನ್ನ ಕೈ ಓಡಲ್ಲ."

"ನಾನು ಹುಡುಕುತ್ತೇನೆ," ಎಂದರು ಅಜ್ಜಿ.

"ನನ್ನ ಗಂಟಿಗೆ ಬೇರೆಯವರ ಕೈ ಹಾಕಿಸಲ್ಲ, ಅಮ್ಮಾವ್ರೆ. ನೀರು ಕುದಿಯೋವರೆಗೂ ಕಾಯ್ತೀನಿ. ಕುದಿ ಬಂತೋ, ಗಂಟು ಪೂರ್ತಿ ಹಂಡೆಗೆ ಸುರೀತೀನಿ."

"ಕುದಿಸಿದರೆ ಪಂಚೆಗೆ ಏನಾಗುತ್ತದೆ?" ಕುಮುದಾ ಕೇಳಿದಳು.

"ಹೊಸ ಬಟ್ಟೆಗೆ ಏನೂ ಆಗಲ್ಲ. ಹಳೇ ಪಂಚೆ ನೂಲು ನೂಲಾಗುತ್ತೆ."

ಕುಮುದಾ ಹಂಡೆ ನೋಡಿದಳು. ನೀರು ಇನ್ನೂ ತಣ್ಣಗಿತ್ತು.

ಟೀ ಇಲ್ಲ.
ಗಂಟು ಬಿಚ್ಚುವುದಿಲ್ಲ.
ಪಂಚೆ ಸಿಗುವುದಿಲ್ಲ.
ಪಂಚೆ ಇಲ್ಲದೆ ನಿದ್ದೆ ಬರುವುದಿಲ್ಲ.

ಇಬ್ಬರೂ ಅಡುಗೆಮನೆಗೆ ಹೋದರು. ಅಲ್ಲಿ ಭಟ್ಟರು ಇದ್ದರು. ಭಟ್ಟರು ಮದುವೆಯ ಅಡುಗೆಯವರು. ಅವರ ಹೊಟ್ಟೆಯ ಮೇಲೆ ಹಿಟ್ಟು, ಕಿವಿಯ ಮೇಲೆ ಹಿಟ್ಟು.

"ನಮಸ್ಕಾರ, ಭಟ್ಟ ಮಾಮ. ದಯವಿಟ್ಟು ಟೀ ಮಾಡಿ. ಟೀ ಆದರೆ ಗಂಟು ಬಿಚ್ಚುತ್ತಾರೆ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಟೀಗೆ ಹಾಲೆಲ್ಲಿದೆ, ಮರೀ?" ಎಂದರು ಭಟ್ಟರು. "ಇದ್ದ ಹಾಲೆಲ್ಲ ಪಾಯಸಕ್ಕೆ ಹೋಯ್ತು. ಪಾಯಸದಿಂದ ಹಾಲು ವಾಪಸ್ ತೆಗೆಯೋಕೆ ನನಗೆ ಬರಲ್ಲ."

"ಹಾಲಿಲ್ಲದ ಟೀ ಮಾಡಿ," ಎಂದರು ಅಜ್ಜಿ.

"ಹಾಲಿಲ್ಲದ ಟೀನ? ರಾಚಪ್ಪನಿಗಾ? ಲೋಟ ತಿರುಗಿ ನನ್ನ ತಲೆಗೇ ಬರುತ್ತೆ. ಗೇಟಿನ ಹತ್ರ ಹೋಗಿ, ತಾಯಿ. ಹಾಲಿನ ಮಾದೇಗೌಡ ಬರಬೇಕಿತ್ತು, ಬಂದಿಲ್ಲ."

ಹಿತ್ತಲಲ್ಲಿ ಬೆಂಕಿ ಉರಿಯಿತು. ಹಂಡೆಯ ನೀರು ಉಗುರುಬೆಚ್ಚಗಾಯಿತು.

ಹಾಲು ಇಲ್ಲ.
ಟೀ ಆಗುವುದಿಲ್ಲ.
ಗಂಟು ಬಿಚ್ಚುವುದಿಲ್ಲ.
ಪಂಚೆ ಸಿಗುವುದಿಲ್ಲ.
ಪಂಚೆ ಇಲ್ಲದೆ ನಿದ್ದೆ ಬರುವುದಿಲ್ಲ.

ಇಬ್ಬರೂ ಗೇಟಿಗೆ ಹೋದರು. ಗೇಟಿನ ಹೊರಗೆ ಹಾಲಿನ ಗಾಡಿ. ಗಾಡಿಯಲ್ಲಿ ಮಾದೇಗೌಡರು. ಮಾದೇಗೌಡರು ಹಾರ್ನ್ ಒತ್ತುತ್ತಿದ್ದರು. ಪೀಂ! ಪೀಂ!

"ನಮಸ್ಕಾರ, ಮಾದೇಗೌಡ ಮಾಮ. ದಯವಿಟ್ಟು ಹಾಲು ತನ್ನಿ. ಹಾಲು ಬಂದರೆ ಟೀ ಆಗುತ್ತದೆ. ಟೀ ಆದರೆ ಗಂಟು ಬಿಚ್ಚುತ್ತಾರೆ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಏನವ್ವಾ, ಒಂದೇ ಉಸಿರಿಗೆ ಹೇಳ್ಬಿಟ್ಟೆ!" ಎಂದರು ಮಾದೇಗೌಡರು. "ಹಾಲು ತಯಾರು. ನಾನೂ ತಯಾರು. ಒಳಗೆ ಹೋಗೋದು ಹೆಂಗೆ? ನೋಡು ಅಲ್ಲಿ. ಬ್ಯಾಂಡಿನವರ ಗಾಡಿ ಗೇಟಿಗೆ ಅಡ್ಡ ಮಲಗಿದೆ."

"ಕ್ಯಾನು ಎತ್ತಿಕೊಂಡು ಹೋಗಬಹುದಲ್ಲ?" ಎಂದರು ಅಜ್ಜಿ.

"ನೀವೇ ಎತ್ತಿ ನೋಡಿ, ಅಮ್ಮಾ."

ಅಜ್ಜಿ ಕ್ಯಾನು ನೋಡಿದರು. ಕ್ಯಾನು ಕುಮುದಾಳಿಗಿಂತ ಎತ್ತರವಿತ್ತು. ಅಜ್ಜಿ ಎತ್ತಲಿಲ್ಲ.

ಹಿತ್ತಲಲ್ಲಿ ಬೆಂಕಿ ಉರಿಯಿತು. ಹಂಡೆಯ ನೀರು ಬೆಚ್ಚಗಾಯಿತು.

ಬ್ಯಾಂಡಿನ ಗಾಡಿ ಅಡ್ಡ.
ಹಾಲು ಬರುವುದಿಲ್ಲ.
ಟೀ ಆಗುವುದಿಲ್ಲ.
ಗಂಟು ಬಿಚ್ಚುವುದಿಲ್ಲ.
ಪಂಚೆ ಸಿಗುವುದಿಲ್ಲ.
ಪಂಚೆ ಇಲ್ಲದೆ ನಿದ್ದೆ ಬರುವುದಿಲ್ಲ.

ಇಬ್ಬರೂ ಬ್ಯಾಂಡಿನ ಗಾಡಿಗೆ ಹೋದರು. ಗಾಡಿಯ ತುಂಬ ಕೆಂಪು ಕೋಟಿನವರು. ಎಲ್ಲರೂ ಒರಗಿಕೊಂಡು ಗೊರಕೆ ಹೊಡೆಯುತ್ತಿದ್ದರು. ಅಂತೋಣಿ ಒಬ್ಬರೇ ಎಚ್ಚರವಿದ್ದರು. ಅಂತೋಣಿ ಬ್ಯಾಂಡಿನ ಯಜಮಾನರು.

"ನಮಸ್ಕಾರ, ಅಂತೋಣಿ ಮಾಮ. ದಯವಿಟ್ಟು ಗಾಡಿ ಸರಿಸಿ. ಗಾಡಿ ಸರಿದರೆ ಹಾಲು ಬರುತ್ತದೆ. ಹಾಲು ಬಂದರೆ ಟೀ ಆಗುತ್ತದೆ. ಟೀ ಆದರೆ ಗಂಟು ಬಿಚ್ಚುತ್ತಾರೆ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಸರಿಸಬೇಕು ಅಂತ ನನಗೂ ಆಸೆ, ಮಗಾ," ಎಂದರು ಅಂತೋಣಿ. "ಆ ಗೌಡರ ಹಾರ್ನು ಕೇಳಿ ಕೇಳಿ ನನ್ನ ಕ್ಲಾರಿನೆಟ್ಟಿಗೇ ನಾಚಿಕೆ ಆಗಿದೆ. ಆದ್ರೆ ಕೀ ಎಲ್ಲಿ? ಕೀ ಮುಬಾರಕ್ ಜೇಬಲ್ಲಿ."

"ಮುಬಾರಕ್ ಎಲ್ಲಿದ್ದಾರೆ?" ಎಂದರು ಅಜ್ಜಿ.

ಅಂತೋಣಿ ಮೇಲೆ ತೋರಿಸಿದರು. ಮೇಲೆ, ಇನ್ನೂ ಮೇಲೆ. ರಾಟೆಯ ತುತ್ತತುದಿ.

"ಅಲ್ಲಿ. ಮೆರವಣಿಗೆ ಸಂಜೆಗೆ, ಒಂದು ಸುತ್ತು ಹೋಗಿ ಬರ್ತೀನಿ ಅಂತ ಹೋದ. ಹೋದವನು ಬಂದಿಲ್ಲ."

ಹಿತ್ತಲಲ್ಲಿ ಬೆಂಕಿ ಉರಿಯಿತು. ಹಂಡೆಯ ನೀರು ಬಿಸಿಯಾಯಿತು.

ಕೀ ಇಲ್ಲ.
ಗಾಡಿ ಸರಿಯುವುದಿಲ್ಲ.
ಹಾಲು ಬರುವುದಿಲ್ಲ.
ಟೀ ಆಗುವುದಿಲ್ಲ.
ಗಂಟು ಬಿಚ್ಚುವುದಿಲ್ಲ.
ಪಂಚೆ ಸಿಗುವುದಿಲ್ಲ.
ಪಂಚೆ ಇಲ್ಲದೆ ನಿದ್ದೆ ಬರುವುದಿಲ್ಲ.

ಇಬ್ಬರೂ ಪಾರ್ಕಿಗೆ ಹೋದರು. ರಾಟೆ ನಿಂತಿತ್ತು. ತುದಿಯ ತೊಟ್ಟಿಲಲ್ಲಿ ಒಂದು ಕೆಂಪು ಚುಕ್ಕೆ. ಅದೇ ಮುಬಾರಕ್. ಮುಬಾರಕ್ ಡ್ರಮ್ ಬಾರಿಸುವವನು.

"ಕೂಗಲೇ, ಅಜ್ಜಿ?" ಕುಮುದಾ ಕೇಳಿದಳು.

ಅಜ್ಜಿಗೆ ಕೂಗುವುದು ಇಷ್ಟವಿಲ್ಲ. ಅಜ್ಜಿ ಯೋಚಿಸಿದರು.

"ಕೂಗು," ಎಂದರು. "ಆದರೆ ಸ್ಪಷ್ಟವಾಗಿ ಕೂಗು."

"ನಮಸ್ಕಾರ, ಮುಬಾರಕ್ ಅಣ್ಣಾ! ದಯವಿಟ್ಟು ಕೀ ಕೊಡಿ! ಕೀ ಕೊಟ್ಟರೆ ಗಾಡಿ ಸರಿಯುತ್ತದೆ! ಗಾಡಿ ಸರಿದರೆ ಹಾಲು ಬರುತ್ತದೆ! ಹಾಲು ಬಂದರೆ ಟೀ ಆಗುತ್ತದೆ! ಟೀ ಆದರೆ ಗಂಟು ಬಿಚ್ಚುತ್ತಾರೆ! ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ! ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ!"

"ಎಸೀಲಾ?" ಮೇಲಿನಿಂದ ದನಿ ಬಂತು. "ಎಸೆದ್ರೆ ಕೊಳದಲ್ಲಿ ಬೀಳುತ್ತೆ!"

"ಎಸೆಯಬೇಡಿ," ಎಂದರು ಅಜ್ಜಿ. "ವಸ್ತುಗಳನ್ನು ಎಸೆಯಬಾರದು."

"ಹಂಗಾದ್ರೆ ರಾಟೆ ತಿರುಗಿಸೋಕೆ ಹೇಳಿ, ಅಮ್ಮಾ! ಇಲ್ಲಿ ಕಾಗೆಗಳು ನನ್ನ ಕೋಟಿನ ಗುಂಡಿ ಕುಕ್ತಾ ಇವೆ!"

ರಾಟೆಯ ಬುಡದಲ್ಲಿ ಕೆಂಪಣ್ಣ ಇದ್ದರು. ಕೆಂಪಣ್ಣ ರಾಟೆ ತಿರುಗಿಸುವವರು. ಅವರು ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದರು.

"ನಮಸ್ಕಾರ, ಕೆಂಪಣ್ಣ ಮಾಮ. ದಯವಿಟ್ಟು ರಾಟೆ ತಿರುಗಿಸಿ. ರಾಟೆ ತಿರುಗಿದರೆ ಕೀ ಬರುತ್ತದೆ. ಕೀ ಬಂದರೆ ಗಾಡಿ ಸರಿಯುತ್ತದೆ. ಗಾಡಿ ಸರಿದರೆ ಹಾಲು ಬರುತ್ತದೆ. ಹಾಲು ಬಂದರೆ ಟೀ ಆಗುತ್ತದೆ. ಟೀ ಆದರೆ ಗಂಟು ಬಿಚ್ಚುತ್ತಾರೆ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ತಿರುಗಿಸೋದು ಹೇಗೆ?" ಎಂದರು ಕೆಂಪಣ್ಣ. "ಅಲ್ಲಿ ನೋಡು, ಕೆಳಗಿನ ತೊಟ್ಟಿಲಲ್ಲಿ. ಆ ಹುಡುಗ ಇಳೀತಾ ಇಲ್ಲ. ತಿರುಗಿಸಿದ್ರೆ ಕಿರುಚ್ತಾನೆ. ಎತ್ತೋಕೆ ಹೋದ್ರೆ ಇನ್ನೂ ಕಿರುಚ್ತಾನೆ. ಮೇಲಿರೋರೆಲ್ಲ ನನ್ನನ್ನೇ ಬೈತಾ ಇದ್ದಾರೆ."

ಹಿತ್ತಲಲ್ಲಿ ಬೆಂಕಿ ಉರಿಯಿತು. ಹಂಡೆಯಿಂದ ಹಬೆ ಎದ್ದಿತು.

ಹುಡುಗ ಇಳಿಯುವುದಿಲ್ಲ.
ರಾಟೆ ತಿರುಗುವುದಿಲ್ಲ.
ಕೀ ಬರುವುದಿಲ್ಲ.
ಗಾಡಿ ಸರಿಯುವುದಿಲ್ಲ.
ಹಾಲು ಬರುವುದಿಲ್ಲ.
ಟೀ ಆಗುವುದಿಲ್ಲ.
ಗಂಟು ಬಿಚ್ಚುವುದಿಲ್ಲ.
ಪಂಚೆ ಸಿಗುವುದಿಲ್ಲ.
ಪಂಚೆ ಇಲ್ಲದೆ ನಿದ್ದೆ ಬರುವುದಿಲ್ಲ.

ಕೆಳಗಿನ ತೊಟ್ಟಿಲಲ್ಲಿ ಹುಡುಗ ಕುಳಿತಿದ್ದ. ಅವನ ಹೆಸರು ಚೆನ್ನು. ಚೆನ್ನು ಕಣ್ಣು ಮುಚ್ಚಿದ್ದ. ಎರಡು ಕೈಯಲ್ಲೂ ಕಬ್ಬಿಣದ ಕಂಬಿ ಹಿಡಿದಿದ್ದ. ಪಕ್ಕದಲ್ಲಿ ಅವನ ಅಜ್ಜ ನಿಂತಿದ್ದರು.

"ಇಳಿಯೋ ಚೆನ್ನು, ಬಲೂನು ಕೊಡಿಸ್ತೀನಿ," ಎಂದರು ಅಜ್ಜ.

"ಬೇಡ."

"ಐಸ್‌ಕ್ಯಾಂಡಿ ಕೊಡಿಸ್ತೀನಿ."

"ಬೇಡ."

"ನಿಮ್ಮಪ್ಪನಿಗೆ ಹೇಳ್ತೀನಿ!"

"ಹೇಳು."

ಕುಮುದಾ ತೊಟ್ಟಿಲ ಬಳಿ ಹೋದಳು.

"ನಮಸ್ಕಾರ, ಚೆನ್ನು. ದಯವಿಟ್ಟು ಕಂಬಿ ಬಿಡು. ಕಂಬಿ ಬಿಟ್ಟರೆ ನೀನು ಇಳಿಯುತ್ತೀಯ. ನೀನು ಇಳಿದರೆ ರಾಟೆ ತಿರುಗುತ್ತದೆ. ರಾಟೆ ತಿರುಗಿದರೆ ಕೀ ಬರುತ್ತದೆ. ಕೀ ಬಂದರೆ ಗಾಡಿ ಸರಿಯುತ್ತದೆ. ಗಾಡಿ ಸರಿದರೆ ಹಾಲು ಬರುತ್ತದೆ. ಹಾಲು ಬಂದರೆ ಟೀ ಆಗುತ್ತದೆ. ಟೀ ಆದರೆ ಗಂಟು ಬಿಚ್ಚುತ್ತಾರೆ. ಗಂಟು ಬಿಚ್ಚಿದರೆ ಪಂಚೆ ಸಿಗುತ್ತದೆ. ಪಂಚೆ ಸಿಕ್ಕರೆ ನನಗೆ ನಿದ್ದೆ ಬರುತ್ತದೆ."

"ಕಂಬಿ ಬಿಟ್ರೆ ಬೀಳ್ತೀನಿ," ಎಂದ ಚೆನ್ನು.

"ನೀನು ಕೆಳಗೇ ಇದ್ದೀಯ."

"ಗೊತ್ತು. ಆದ್ರೂ ಬೀಳ್ತೀನಿ."

ಕುಮುದಾ ನಗಲಿಲ್ಲ. ಅವಳಿಗೆ ಅರ್ಥವಾಯಿತು.

"ಅಜ್ಜಿ, ಅವನಿಗೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಬೇಕು," ಎಂದಳು.

ಅವಳು ತನ್ನ ಲಂಗದ ಅಂಚು ಚಾಚಿದಳು. ಲಂಗ ಗಿಡ್ಡ. ಅಂಚು ತೊಟ್ಟಿಲವರೆಗೆ ಬರಲಿಲ್ಲ. ಚೆನ್ನುವಿನ ಅಜ್ಜ ಹೆಗಲ ಟವೆಲು ಚಾಚಿದರು. "ಅದು ಒರಟು," ಎಂದ ಚೆನ್ನು. ಕೆಂಪಣ್ಣ ಯಂತ್ರ ಒರೆಸುವ ಬಟ್ಟೆ ಚಾಚಿದರು. "ಅದು ಎಣ್ಣೆ," ಎಂದ ಚೆನ್ನು.

ಅಜ್ಜಿ ನಿಂತಿದ್ದರು. ಗಂಜಿ ಹಾಕಿದ ಸೀರೆ. ಇಸ್ತ್ರಿ ಮಾಡಿದ ಸೆರಗು. ಭುಜದ ಮೇಲೆ ಪಿನ್ನು.

ಅಜ್ಜಿ ಪಿನ್ನು ಬಿಚ್ಚಿದರು. ಸೆರಗು ಚಾಚಿದರು.

"ಹಿಡಿ," ಎಂದರು ಅಜ್ಜಿ.

ಚೆನ್ನು ಒಂದು ಕಣ್ಣು ತೆರೆದ. "ಇಸ್ತ್ರಿ ಹೋಗಲ್ವಾ?"

"ಹೋಗುತ್ತದೆ. ಗಟ್ಟಿಯಾಗಿ ಹಿಡಿ."

ಒಂದು ಕೈ ಕಂಬಿ ಬಿಟ್ಟಿತು. ಸೆರಗು ಹಿಡಿಯಿತು. ಇನ್ನೊಂದು ಕೈ ಕಂಬಿ ಬಿಟ್ಟಿತು. ಸೆರಗು ಹಿಡಿಯಿತು. ಚೆನ್ನು ತೊಟ್ಟಿಲಿಂದ ಇಳಿದ.

ಹುಡುಗ ಇಳಿದ.
ರಾಟೆ ತಿರುಗಿತು.

ಕರ್ರ್ ಕರ್ರ್ ಎಂದು ತಿರುಗಿತು. ಕೆಂಪು ಚುಕ್ಕೆ ಕೆಳಗೆ ಬಂತು. ಚುಕ್ಕೆ ಮುಬಾರಕ್ ಆಯಿತು. ಮುಬಾರಕ್ ಜೇಬಿಗೆ ಕೈ ಹಾಕಿದ. ಕೀ ತೆಗೆದ. ಓಡಿದ. ಅವನ ಹಿಂದೆ ಕುಮುದಾ ಓಡಿದಳು. ಅವಳ ಹಿಂದೆ ಅಜ್ಜಿ ಬೇಗ ಬೇಗ ನಡೆದರು. ಅಜ್ಜಿಯ ಹಿಂದೆ ಚೆನ್ನು ಬಂದ. ಅವನು ಸೆರಗು ಬಿಟ್ಟಿರಲಿಲ್ಲ. ಅವನ ಹಿಂದೆ ಅವನ ಅಜ್ಜ ಬಂದರು.

"ಎಲ್ಲಿಗೋ ಚೆನ್ನು? ಯಾರ ಮನೆಗೋ?" ಎನ್ನುತ್ತಾ ಬಂದರು.

ಹುಡುಗ ಇಳಿದ.
ರಾಟೆ ತಿರುಗಿತು.
ಕೀ ಬಂತು.
ಬ್ಯಾಂಡಿನ ಗಾಡಿ ಸರಿಯಿತು.

ಗಾಡಿ ಅಲುಗಿದ್ದಕ್ಕೆ ಕೆಂಪು ಕೋಟಿನವರೆಲ್ಲ ಎಚ್ಚರಗೊಂಡರು. ಮೆರವಣಿಗೆ ಶುರುವಾಯಿತು ಎಂದುಕೊಂಡರು. ಡುಂ ಡುಂ ಪೀ ಪೀ ಬಾರಿಸಿದರು.

"ನಿಲ್ಲಿಸ್ರೋ! ಮದುಮಗ ಇನ್ನೂ ಸ್ನಾನ ಮಾಡ್ತಿದ್ದಾನೆ!" ಎಂದು ಅಂತೋಣಿ ಕೂಗಿದರು.

ಹುಡುಗ ಇಳಿದ.
ರಾಟೆ ತಿರುಗಿತು.
ಕೀ ಬಂತು.
ಬ್ಯಾಂಡಿನ ಗಾಡಿ ಸರಿಯಿತು.
ಹಾಲು ಒಳಗೆ ಹೋಯಿತು.
ಟೀ ಕುದಿಯಿತು.

ಟೀ ಕುದಿಯಿತು. ಹಂಡೆಯೂ ಕುದಿಯಿತು. ಗುಳು ಗುಳು ಎಂದಿತು. ಕೊತ ಕೊತ ಎಂದಿತು.

ಹಿತ್ತಲಲ್ಲಿ ರಾಚಪ್ಪ ಎದ್ದರು. ಗಂಟು ಎತ್ತಿದರು. ಹಂಡೆಯ ಅಂಚಿಗೆ ತಂದರು. ಗಂಟಿನ ತುದಿಗೆ ಕೈ ಹಾಕಿದರು. ಒಮ್ಮೆ ಎಳೆದರೆ ಸಾಕು. ಎಲ್ಲ ಬಟ್ಟೆಯೂ ಹಂಡೆಯೊಳಗೆ.

"ನಿಲ್ಲಿ!"

ಅದು ಅಜ್ಜಿಯ ದನಿ. ಅಷ್ಟು ಜೋರಾದ ದನಿಯನ್ನು ಕುಮುದಾ ಹಿಂದೆ ಕೇಳಿರಲಿಲ್ಲ. ರಾಚಪ್ಪ ನಿಂತರು. ಡ್ರಮ್ಮೂ ನಿಂತಿತು. ಅಡುಗೆಮನೆಯಲ್ಲಿ ಭಟ್ಟರ ಸೌಟೂ ನಿಂತಿತು.

ಕುಮುದಾ ಮುಂದೆ ಬಂದಳು. ಅವಳ ಕೈಯಲ್ಲಿ ಲೋಟ. ಲೋಟದಲ್ಲಿ ಟೀ. ಒಂದು ಹನಿಯೂ ಚೆಲ್ಲಿರಲಿಲ್ಲ.

"ನಮಸ್ಕಾರ, ರಾಚಪ್ಪ ಮಾಮ. ದಯವಿಟ್ಟು ಟೀ ಕುಡಿಯಿರಿ," ಎಂದಳು.

ರಾಚಪ್ಪ ಗಂಟು ಇಳಿಸಿದರು. ಲೋಟ ತೆಗೆದುಕೊಂಡರು. ಊದಿದರು. ಒಂದು ಗುಟುಕು ಕುಡಿದರು. ಮತ್ತೆ ಊದಿದರು. ಮತ್ತೊಂದು ಗುಟುಕು ಕುಡಿದರು. ಎಲ್ಲರೂ ಕಾದರು. ಚೆನ್ನುವೂ ಕಾದ.

"ಸಕ್ಕರೆ ಒಂಚೂರು ಕಮ್ಮಿ," ಎಂದರು ರಾಚಪ್ಪ.

"ಕುಡಿಯಿರಿ," ಎಂದರು ಅಜ್ಜಿ.

ರಾಚಪ್ಪ ಕುಡಿದರು. ಲೋಟ ಖಾಲಿಯಾಯಿತು. ಕೈ ಕೊಡವಿಕೊಂಡರು. ಗಂಟು ಬಿಚ್ಚಿದರು.

ಎಲ್ಲ ಬಿಳಿ. ಮೇಲೆ ಬಿಳಿ. ಕೆಳಗೆ ಬಿಳಿ. ನಡುವೆ ಬಿಳಿ. ರಾಚಪ್ಪ ಒಂದೊಂದೇ ಮೂಲೆ ಚಾಚಿದರು. ಕುಮುದಾ ಕಣ್ಣು ಮುಚ್ಚಿ ಬೆರಳಿಂದ ಮುಟ್ಟಿದಳು.

"ಇದಾ?"

"ಅಲ್ಲ."

"ಇದಾ?"

"ಅಲ್ಲ. ಅದು ಚುಚ್ಚುತ್ತದೆ."

"ಇದಾ?"

"ಅಲ್ಲ."

"ಇದು?"

ಕುಮುದಾ ಮೂಲೆ ಹಿಡಿದಳು. ಬೆರಳು ಬಿಡಲಿಲ್ಲ.

ರಾಚಪ್ಪ ಮಡಿಕೆ ಬಿಡಿಸಿದರು. ಒಳಗೆ ಹಸಿರು ಅಂಚು.

ಈಗ ನೀವೂ ಹೇಳಿ. ಎಲ್ಲರೂ. ಜೋರಾಗಿ.

ಹುಡುಗ ಇಳಿದ.
ರಾಟೆ ತಿರುಗಿತು.
ಕೀ ಬಂತು.
ಬ್ಯಾಂಡಿನ ಗಾಡಿ ಸರಿಯಿತು.
ಹಾಲು ಒಳಗೆ ಹೋಯಿತು.
ಟೀ ಕುದಿಯಿತು.
ಗಂಟು ಬಿಚ್ಚಿತು.
ತಾತನ ಪಂಚೆ ಸಿಕ್ಕಿತು.

ಆಮೇಲೆ ನಿದ್ದೆ ಬಂತು. ನೀಲಿ ಹೋಟೆಲಿಗೆ ಹೋಗುವವರೆಗೂ ಅದು ಕಾಯಲಿಲ್ಲ. ಅಲ್ಲೇ ಬಂತು. ಬಿಚ್ಚಿದ ಗಂಟಿನ ಮೇಲೆ, ಬಿಳಿ ಬಟ್ಟೆಗಳ ನಡುವೆ, ಕುಮುದಾ ಮಲಗಿದಳು. ಪಂಚೆಯ ಒಂದು ಮೂಲೆ ಹಿಡಿದಳು.

ಚೆನ್ನು ನೋಡಿದ. ಪಂಚೆಗೆ ಇನ್ನೂ ಮೂಲೆಗಳಿದ್ದವು. ಅವನು ಸೆರಗು ಬಿಟ್ಟ. ಪಂಚೆಯ ಇನ್ನೊಂದು ಮೂಲೆ ಹಿಡಿದ. ಅವನೂ ಮಲಗಿದ.

ರಾಚಪ್ಪ ಹಂಡೆ ನೋಡಿದರು. ಮಕ್ಕಳನ್ನು ನೋಡಿದರು.

"ಅಮ್ಮಾವ್ರೆ," ಎಂದರು ಮೆಲ್ಲಗೆ. "ಇವರು ಏಳದೆ ಬಟ್ಟೆ ಹಂಡೆಗೆ ಹೋಗಲ್ಲ. ಬಟ್ಟೆ ಒಗೀದೆ ಒಣಗಲ್ಲ. ಒಣಗದೆ ಹಾಸಿಗೆ ಹಾಸಲ್ಲ. ಹಾಸಿಗೆ ಇಲ್ಲದೆ ಮದುವೆಯವರಿಗೆ ನಿದ್ದೆ ಇಲ್ಲ."

"ಎಬ್ಬಿಸಬೇಡಿ," ಎಂದರು ಅಜ್ಜಿ.

"ಎಬ್ಬಿಸಲ್ಲ. ಯಾರು ಎಬ್ಬಿಸ್ತಾರೆ?"

ರಾಚಪ್ಪ ಬೆಂಕಿಯಿಂದ ಸೌದೆ ಹಿಂದಕ್ಕೆ ಎಳೆದರು. ಅಡುಗೆಮನೆಯ ಕಡೆ ತಿರುಗಿದರು.

"ಭಟ್ಟರೇ, ಇನ್ನೊಂದು ಟೀ! ಸಕ್ಕರೆ ಸರಿಯಾಗಿ ಹಾಕಿ!"

ಅಜ್ಜಿ ನೆಲ ನೋಡಿದರು. ಕುರ್ಚಿ ಇರಲಿಲ್ಲ. ಗಂಟಿನ ತುದಿಯಲ್ಲಿ, ಮುದುಡಿದ ಬಟ್ಟೆಗಳ ಮೇಲೆ, ಕುಮುದಾಳ ಕಾಲ ಬಳಿ ಕುಳಿತರು.

"ನನಗೂ ಒಂದು," ಎಂದರು. "ದಯವಿಟ್ಟು."